ಸುಣ್ಣದ ಗೆರೆಯ ಕೆಳಗಿನ ಬಿರುಕು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬಿಳಿ ಚಾದರಗಳಿಗೆ ಇಸ್ತ್ರಿ ಹಾಕುವ ಆಕೆಯನ್ನು ಬೀದಿಯವರೆಲ್ಲ ಗೆರೆಯಕ್ಕ ಎನ್ನುತ್ತಿದ್ದರು. ಇಸ್ತ್ರಿಯ ಗೆರೆಯಿಂದ ಬಂದ ಹೆಸರಲ್ಲ ಅದು. ಮನೆಯೆದುರಿನ ಸಾರ್ವಜನಿಕ ಟೆನಿಸ್ ಅಂಗಳಕ್ಕೆ ದಾರ ಕಟ್ಟಿ ಸುಣ್ಣದ ಗೆರೆ ಎಳೆಯುತ್ತಿದ್ದವಳು ಅವಳು. ಮೊದಲು ಅವಳ ಅಪ್ಪ ಆ ಕೆಲಸ ಮಾಡುತ್ತಿದ್ದ. ಮಣ್ಣಿಗೆ ನೀರು ಹಾಕುವುದು, ಕಲ್ಲಿನ ಉರುಳೆ ಎಳೆಯುವುದು, ಬಲೆ ಬಿಗಿಯುವುದು, ಇದಕ್ಕೆಲ್ಲ ನಗರಸಭೆ ಅವನಿಗೆ ಸಂಬಳ ಕೊಡುತ್ತಿತ್ತು. ಅವನು ನಿವೃತ್ತನಾದ ದಿನವೇ ಹುದ್ದೆಯೂ ನಿವೃತ್ತವಾಯಿತು. ಅಂಗಳಕ್ಕೆ ಮಾತ್ರ ನಿವೃತ್ತಿ ಎಲ್ಲಿಯದು? ಸಂಬಳ ಕೊಡುವವರು ಕೈಬಿಟ್ಟದ್ದನ್ನು ಮಗಳು ಬಿಟ್ಟಿಯಾಗಿ ಕೈಗೆತ್ತಿಕೊಂಡಳು. ಇಂಥವರು ಇರುವುದರಿಂದಲೇ ಅಂಥವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ಅವಳು ಮದುವೆಯಾದದ್ದು ಅದೇ ಬೀದಿಯ ಬಸ್ ಮೆಕ್ಯಾನಿಕ್‌ನನ್ನು. ಗಂಡನಿಗೆ ಆಟವೆಂದರೆ ಅಷ್ಟಕ್ಕಷ್ಟೆ. ಅವನ ತಂಗಿಗೆ ಮಾತ್ರ ಹುಚ್ಚು. ನಾದಿನಿಗೆ ಬ್ಯಾಟು ಹಿಡಿಯಲು ಕಲಿಸಿದವಳು ಗೆರೆಯಕ್ಕನೇ. ಆಮೇಲೆ ಹದಿನೆಂಟು ವರ್ಷ, ಒಬ್ಬಳು ಇಸ್ತ್ರಿ ಮುಗಿಸಿ, ಇನ್ನೊಬ್ಬಳು ಶಾಲೆಯ ವ್ಯಾನು ಓಡಿಸಿ ಮುಗಿಸಿ, ಸಂಜೆ ಐದೂವರೆಗೆ ಅಂಗಳದಲ್ಲಿ ಎದುರುಬದುರಾಗುತ್ತಿದ್ದರು. ಮೂರು ವರ್ಷದ ಹಿಂದೆ ಅಂಗಳದ ನಡುವಿನ ಹಳೆಯ ಬಿರುಕು ಕೈ ತೂರುವಷ್ಟು ಅಗಲವಾಯಿತು. ನಾದಿನಿಯ ಕಾಲು ಅದರಲ್ಲಿ ಸಿಕ್ಕಿ ಉಳುಕಿ, ವ್ಯಾನಿನ ಕ್ಲಚ್ ಒತ್ತಲಾಗದೆ ಒಂದು ತಿಂಗಳು ಮನೆಯಲ್ಲಿ ಕೂತಳು. ಆಟ ಅಲ್ಲಿಗೆ ನಿಂತಿತು.

ನಿಂತದ್ದು ಆಟ ಮಾತ್ರ. ಐದೂವರೆ ದಿನವೂ ಬರುತ್ತಿತ್ತು. ಆ ಹೊತ್ತಿಗೆ ಗೆರೆಯಕ್ಕನ ಬಲಗೈ ತಾನಾಗಿ ಸ್ವಲ್ಪ ಹಿಂದಕ್ಕೆ ಸರಿಯುತ್ತಿತ್ತು, ಚೆಂಡಿಗಾಗಿ ಕಾಯುವ ಹಾಗೆ. ಅವಳಿಗೆ ಕಪ್ಪು ಬೇಡ, ಹಾರ ಬೇಡ. ಚೆಂಡು ನೆಟ್ಟಗೆ ಪುಟಿದು ಸೊಂಟದ ಎತ್ತರಕ್ಕೆ ಬಂದು, ಬ್ಯಾಟಿನ ನಡುಮಧ್ಯಕ್ಕೆ ತಾಗಿ 'ಟಪ್' ಎನ್ನಬೇಕು. ಐವತ್ತಮೂರಕ್ಕೆ ಮಂಡಿ ಆಗಲೇ ಗೊಣಗಲು ಶುರುಮಾಡಿತ್ತು. ಅದು ಪೂರ್ತಿ ಮುಷ್ಕರ ಹೂಡುವ ಮೊದಲು ಅಂಗಳ ದುರಸ್ತಿಯಾಗಬೇಕಿತ್ತು.

ಅತ್ತಿಗೆ ನಾದಿನಿ ಇಬ್ಬರೂ ಹಣ ಹುಡುಕಿಕೊಂಡು ಹೊರಟರು. ಔಷಧಿ ಅಂಗಡಿಯವನು ಗೋಡೆಯ ಕ್ಯಾಲೆಂಡರ್ ಕೊಟ್ಟು ಕೈಮುಗಿದ. ಹೊಸ ವ್ಯಾಯಾಮಶಾಲೆಯ ಮಾಲೀಕ, ಅಂಗಳಕ್ಕೆ ತನ್ನ ಹೆಸರಿಟ್ಟು ಸುತ್ತಲೂ ತನ್ನ ಫೋಟೋ ಹಾಕಿಸುವುದಾದರೆ ಯೋಚಿಸುತ್ತೇನೆ ಎಂದ.

"ಚೆಂಡಿನ ಮೇಲೂ ನಿಮ್ಮ ಮುಖ ಅಚ್ಚು ಹಾಕ್ಸೋಣ ಬಿಡಿ," ಎಂದಳು ನಾದಿನಿ. "ಹೊಡೆಯೋಕೆ ಹುಮ್ಮಸ್ಸು ಬರುತ್ತೆ."

ಆ ಬಾಗಿಲು ಹಾಗೆ ಮುಚ್ಚಿತು. ಕೊನೆಗೆ ಉಳಿದದ್ದು ನಗರಸಭೆ. ಅಲ್ಲಿನ ಗುಮಾಸ್ತ ಒಳ್ಳೆಯವನೇ. ಅರ್ಜಿ ಓದಿ, ಕಪಾಟಿನಿಂದ ತಪಾಸಣೆಯ ಪುಸ್ತಕ ತೆಗೆದು, ಬೆರಳಿನಿಂದ ಸಾಲು ಹುಡುಕಿದ.

"ಅಮ್ಮಾ, ದುರಸ್ತಿಗೆ ಅಂತ ಹಣ ಪ್ರತಿ ವರ್ಷ ಇಡ್ತಾರೆ. ಆದ್ರೆ ನಿಮ್ಮ ಅಂಗಳ ಕೆಟ್ಟೇ ಇಲ್ವಲ್ಲ."

"ಕೆಟ್ಟಿಲ್ವಾ? ನನ್ನ ಕಾಲು ಕೇಳಿ ನೋಡಿ," ಎಂದಳು ನಾದಿನಿ.

ಗುಮಾಸ್ತ ಪುಸ್ತಕ ತಿರುಗಿಸಿ ತೋರಿಸಿದ. ಒಂಬತ್ತು ವರ್ಷ, ಒಂಬತ್ತು ಸಾಲು. 'ಸುಸ್ಥಿತಿಯಲ್ಲಿದೆ. ಗೆರೆಗಳು ಸ್ಪಷ್ಟವಾಗಿವೆ.'

ಗೆರೆಯಕ್ಕ ಕುರ್ಚಿಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪ್ರತಿ ವರ್ಷ ತಪಾಸಣೆಯ ಹಿಂದಿನ ದಿನ ರಜೆ ಹಾಕಿ, ಕಸ ಗುಡಿಸಿ, ಬಿರುಕಿಗೆ ಹಸಿ ಮಣ್ಣು ಮೆತ್ತಿ, ಅದರ ಮೇಲೆ ಹೊಸ ಸುಣ್ಣ ಎಳೆದವಳು ಅವಳೇ. ನೆಂಟರು ಬರುವ ದಿನ ಹರಿದ ಚಾಪೆಯ ಮೇಲೆ ಒಳ್ಳೆಯ ಚಾದರ ಹಾಸುವ ಮನೆಯ ಹೆಣ್ಣು ಅವಳು. ಅಚ್ಚುಕಟ್ಟಾಗಿ ಇಟ್ಟುಕೊಂಡವರಿಗೆ ಸರ್ಕಾರವೂ ಕೊಡುತ್ತದೆ ಎಂದು ಅಪ್ಪ ಹೇಳಿದ್ದನ್ನು ನಂಬಿದ್ದಳು. ಬಂದವರೋ, ಗೇಟಿನ ಆಚೆಯಿಂದ ಬಿಳಿ ಗೆರೆ ನೋಡಿ, ಸಹಿ ಹಾಕಿ, ನಡೆದಿದ್ದರು. ಒಂಬತ್ತು ವರ್ಷದಲ್ಲಿ ಒಬ್ಬನಾದರೂ ಚಪ್ಪಲಿಗೆ ಮಣ್ಣು ತಾಗಿಸಿಕೊಂಡಿರಲಿಲ್ಲ. ತಪ್ಪು ಅವಳದ್ದೂ ಹೌದು. ಆದರೆ ಪ್ರೀತಿಯಿಂದ ಮುಚ್ಚಿದವಳ ತಪ್ಪನ್ನೂ ಸಂಬಳ ಪಡೆದು ಕಣ್ಣು ಮುಚ್ಚಿದವರ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

"ಮೂರು ವಾರಕ್ಕೆ ಮತ್ತೆ ತಪಾಸಣೆ ಇದೆ," ಎಂದು ಗುಮಾಸ್ತ ದನಿ ತಗ್ಗಿಸಿದ. "ಈ ಸಲ ದಯವಿಟ್ಟು ಸುಮ್ನಿದ್ದುಬಿಡಿ."

ಸುಮ್ಮನಿರುವುದು ಅವಳು ಕಲಿತ ವಿದ್ಯೆಯಲ್ಲ. ಎಲೆ ಉದುರಿತು, ಗುಡಿಸಲಿಲ್ಲ. ಯಾರೋ ಗೇಟಿನಿಂದ ಹಾಲಿನ ಖಾಲಿ ಪೊಟ್ಟಣ ಎಸೆದರು, ಎತ್ತಲಿಲ್ಲ. ಹಳೆಯ ಸುಣ್ಣ ಮಾಸಿ, ಬಿರುಕಿನಲ್ಲಿ ಹುಲ್ಲು ತಲೆಯೆತ್ತಿತು. ಅವಳು ಕಿಟಕಿಯಲ್ಲಿ ನಿಂತು ಸೆರಗಿನ ಅಂಚು ಹಿಂಡುತ್ತಿದ್ದಳು.

"ಕಾಯಿಲೆಯವರನ್ನ ನೋಡೋ ಹಾಗೆ ನೋಡ್ತೀಯಲ್ಲೇ," ಎಂದ ಗಂಡ.

"ಕಾಯಿಲೆಯವ್ರಿಗಾದ್ರೆ ಚಾದರ ಬದಲಾಯಿಸಬಹುದು ಕಣ್ರೀ," ಎಂದಳು.

ತಪಾಸಣೆಗೆ ಬಂದವಳು ಎಳೆ ವಯಸ್ಸಿನ ಇಂಜಿನಿಯರು. ಜೊತೆಯಲ್ಲಿ ಬೀಗದ ಕೈ ಹಿಡಿದ ಜವಾನ. ಹುಡುಗಿ ಗೇಟಿನಲ್ಲಿ ನಿಲ್ಲದೆ ನೇರ ಒಳಗೆ ಬಂದು, ಬಿರುಕಿನ ಪಕ್ಕ ಮಂಡಿಯೂರಿ, ಅಳತೆಪಟ್ಟಿ ಇಳಿಬಿಟ್ಟಳು. ಗೆರೆಯಕ್ಕನಿಗೆ ಅವಳ ಮೇಲೆ ಆ ಕ್ಷಣವೇ ಮಮತೆ ಉಕ್ಕಿತು.

"ಇದು ತುಂಬಾ ಹಾಳಾಗಿದೆ," ಎಂದಳು ಹುಡುಗಿ. ಆಮೇಲೆ ಹಾಳೆ ಮಗುಚಿ, "ಇಲ್ಲಿ ಯಾರಾದ್ರೂ ಆಡ್ತಾರಾ?" ಎಂದಳು.

ಗೆರೆಯಕ್ಕನೂ ಪಕ್ಕದಲ್ಲಿದ್ದ ನಾದಿನಿಯೂ ಮುಖ ಮುಖ ನೋಡಿಕೊಂಡರು.

"ಯಾಕ್ ಮೇಡಂ?" ಎಂದಳು ನಾದಿನಿ.

"ಬಳಕೆಯಲ್ಲಿ ಇಲ್ಲ ಅಂತ ಬರೆದ್ರೆ ದುರಸ್ತಿ ಪಟ್ಟಿಗೆ ಬರಲ್ಲ. ವಾಹನ ನಿಲ್ಲಿಸೋ ಜಾಗದ ಪಟ್ಟಿಗೆ ಹೋಗುತ್ತೆ. ನಾನು ಕಣ್ಣಾರೆ ಕಂಡಿದ್ದನ್ನ ಮಾತ್ರ ಬರೀಬೇಕು."

ಚೆನ್ನಾಗಿದ್ದರೆ ಹಣವಿಲ್ಲ, ಹಾಳಾಗಿ ಬಿದ್ದಿದ್ದರೆ ಜಾಗವೇ ಇಲ್ಲ. ಇಂಥ ನಿಯಮ ಬರೆದವರು ಜೀವನದಲ್ಲಿ ಒಂದು ಚೆಂಡನ್ನಾದರೂ ಮುಟ್ಟಿದ್ದಾರೆಯೇ, ದೇವರೇ ಬಲ್ಲ.

ಮೂರು ವರ್ಷದಿಂದ ಆಡಿಲ್ಲ ಎನ್ನುವುದು ನಿಜ. ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ. "ಈಗ ಆಡ್ತೀವಿ ಮೇಡಂ," ಎಂದಳು ಗೆರೆಯಕ್ಕ. ನಾದಿನಿ ಆಗಲೇ ರಸ್ತೆ ದಾಟಿ ಓಡಿದ್ದಳು. ಬೀರುವಿನ ಮೇಲಿಂದ ಧೂಳು ಹಿಡಿದ ಎರಡು ಬ್ಯಾಟು, ಬೋಳಾದ ಒಂದು ಚೆಂಡು ತಂದಳು.

"ಅತ್ತಿಗೆ, ಸೀರೆ ಎತ್ತಿ ಕಟ್ಟು. ಬಿದ್ರೆ ನಮ್ಮಣ್ಣ ನನ್ನನ್ನೇ ಬೈಯೋದು."

"ನೀನು ಮೊದ್ಲು ನಿನ್ನ ಕಾಲು ನೋಡ್ಕೋ."

ಮೊದಲ ಚೆಂಡು ಬಿರುಕಿಗೆ ಬಡಿದು ಅಡ್ಡ ಹಾರಿತು. ಎರಡನೆಯದು ಹುಲ್ಲಿನಲ್ಲಿ ಸತ್ತು ಮಲಗಿತು. ಮೂರನೆಯದು ಎಲ್ಲೋ ಒಂದು ಅಂಗೈಯಗಲದ ಒಳ್ಳೆಯ ನೆಲ ಹುಡುಕಿಕೊಂಡು, ನೆಟ್ಟಗೆ ಪುಟಿದು, ಸೊಂಟದ ಎತ್ತರಕ್ಕೆ ಬಂತು. ಟಪ್. ಆ ಸದ್ದು ಅವಳ ಮೊಣಕೈಯಿಂದ ಭುಜಕ್ಕೆ ಹತ್ತಿತು.

ಹುಡುಗಿ ಬರೆದುಕೊಂಡಳು. "ಬಳಕೆಯಲ್ಲಿದೆ, ದುರಸ್ತಿ ತುರ್ತು. ಎರಡೂ ಹಾಕಿದೀನಿ." ಸ್ವಲ್ಪ ತಡೆದು ಹೇಳಿದಳು, "ಆದ್ರೆ ಅಪಾಯ ಇದೆ ಅಂತ ನಾನೇ ಬರೆದ ಮೇಲೆ ಗೇಟಿಗೆ ಇವತ್ತೇ ಬೀಗ ಹಾಕಿಸ್ಬೇಕು. ಹಣ ಮಂಜೂರಾಗೋ ತನಕ."

"ಯಾವಾಗ ಆಗುತ್ತೆ?"

"ಮುಂದಿನ ವರ್ಷ ಆಗ್ಬಹುದು. ಇಲ್ಲಾಂದ್ರೆ ಅದರ ಮುಂದಿನ ವರ್ಷ." ಹುಡುಗಿ ನೆಲ ನೋಡಿದಳು. "ನೀವು ಈ ಒಂದು ಆಟ ಮುಗಿಸ್ಕೊಳ್ಳಿ. ಕಾಯ್ತೀನಿ."

ಜವಾನ ಗೇಟಿನಲ್ಲಿ ಬೀಗ ಹಿಡಿದು ನಿಂತ. ಗೆರೆಯಕ್ಕ ಒಂದು ಅಂಕ ಮುಂದಿದ್ದಳು. ಇನ್ನೊಂದು ಗೆದ್ದರೆ ಆಟ ಮುಗಿಯುತ್ತಿತ್ತು. ಸುಲಭದ ಚೆಂಡು ಬಂತು. ಅವಳು ಅದನ್ನು ಮೆಲ್ಲಗೆ ಬಲೆಗೆ ತಳ್ಳಿದಳು. ಸಮ ಸಮ. ಸಮವಾದ ಮೇಲೆ ಒಬ್ಬರು ಬೆನ್ನುಬೆನ್ನಿಗೆ ಎರಡು ಅಂಕ ಗೆಲ್ಲುವ ತನಕ ಆಟ ಮುಗಿಯುವುದಿಲ್ಲ, ಅದು ಟೆನಿಸ್ಸಿನ ಕಾನೂನು. ಈ ಒಂದು ಕಾನೂನು ಮಾತ್ರ ಅವರ ಪರವಾಗಿತ್ತು.

ನಾದಿನಿ ಒಂದು ಗಳಿಗೆ ಅತ್ತಿಗೆಯ ಮುಖ ನೋಡಿದಳು. ಮುಂದಿನ ಅಂಕ ಗೆದ್ದಳು, ಅದರ ಮುಂದಿನದನ್ನು ಗೆರೆಯ ಹೊರಗೆ ಹೊಡೆದಳು. ಸಮ ಸಮ. ಅತ್ತಿಗೆ ಒಂದು ಗೆದ್ದು ಒಂದು ಕಳೆದುಕೊಂಡಳು. ಸಮ ಸಮ. ನೆರಳು ಬಲೆಯನ್ನು ದಾಟಿ ಆಚೆ ಬದಿಗೆ ಹೋಯಿತು.

"ಇನ್ನೂ ಮುಗೀಲಿಲ್ವಾ?" ಎಂದ ಜವಾನ.

ಹುಡುಗಿ ಕಟ್ಟೆಯ ಮೇಲೆ ಕೂತು, ಹಾಳೆಗಳನ್ನು ಚೀಲಕ್ಕೆ ಹಾಕಿದಳು. "ಸಮ ಆಗಿದೆ," ಎಂದಳು. "ಸ್ವಲ್ಪ ಇರಿ."

ಗೆರೆಯಕ್ಕ ಚೆಂಡನ್ನು ಮೇಲಕ್ಕೆ ಎಸೆದಳು.