ಸ್ಕ್ಯಾನಿಂಗ್‌ನಲ್ಲಿ ನಿದ್ದೆ ಹೋದವರು

ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮದುವೆಯಾಗಿ ಬಂದಾಗಿನಿಂದ ಪವರ್‌ಲೂಮ್ ಮಗ್ಗಗಳ ನಡುವೆಯೇ ಬದುಕಿದವರು. ಕೂದಲಿಗೆ ಸದಾ ಒಂದು ರೇಷ್ಮೆ ಎಳೆ ಅಂಟಿರುತ್ತಿತ್ತು. ಮಗ್ಗಗಳ ಸದ್ದಿಗೆ ಒಗ್ಗಿ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು, ಪ್ರತಿ ಮಾತಿನ ಕೊನೆಗೆ ನನ್ನ ಮೊಣಕೈ ತಿವಿದು, "ಕೇಳಿಸ್ತೇನಮ್ಮಾ?" ಎನ್ನುತ್ತಿದ್ದರು. ಇಡೀ ಬೀದಿಗೇ ಕೇಳಿಸಿರುತ್ತಿತ್ತು.

ಅಂಥವರ ಮೆದುಳಿನಲ್ಲಿ ಗಡ್ಡೆ ಕಂಡಿತು, ಅದೂ ಮಾತು ಹುಟ್ಟುವ ಜಾಗದ ಆಸುಪಾಸಿನಲ್ಲಿ. ಆಪರೇಷನ್‌ಗೆ ಮೊದಲು ಆ ಜಾಗವನ್ನು ಸರಿಯಾಗಿ ಗುರುತಿಸದಿದ್ದರೆ ಮಾತೇ ಹೋಗಬಹುದು ಎಂದರು ಡಾಕ್ಟರು. ಎಂಆರ್‌ಐ ಮೆಷಿನ್ನಿನಲ್ಲಿ ಮಲಗಿ, ತುಟಿ ಅಲ್ಲಾಡಿಸದೆ ಮನಸ್ಸಿನಲ್ಲೇ ಮಾತಾಡಬೇಕು. ಆಗ ಆ ಜಾಗ ಚಿತ್ರದಲ್ಲಿ ಬೆಳಗುತ್ತದೆಯಂತೆ.

ಜೊತೆಗೆ ಹೋಗಿದ್ದ ನಾನು ಹೊರಗೆ ಕೂತು, ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಗಳನ್ನೆಲ್ಲ ಹೇಳಿ ಮುಗಿಸಿದೆ. ಚಿತ್ರದಲ್ಲಿ ಏನೂ ಬೆಳಗಲಿಲ್ಲ. ಡಾಕ್ಟರು ಗಾಬರಿಯಾಗಿ ಒಳಗೆ ಹೋದರೆ, ಬೇರೆಯವರು ಹೆದರುವ ಆ ಮೆಷಿನ್ನಿನ ಗಡಗಡ ಸದ್ದಿನಲ್ಲಿ ಅಕ್ಕ ಗೊರಕೆ ಹೊಡೆಯುತ್ತಿದ್ದರು.

"ಮಗ್ಗ ಆಡ್ದಂಗೇ ಇತ್ತು, ಕಣ್ಣು ಹತ್ತೋಯ್ತು" ಎಂದರು ಎದ್ದು.

"ನಿದ್ದೆ ಮಾಡ್ಬೇಡಿ ಅಮ್ಮಾ. ಯಾರನ್ನಾದ್ರೂ ಮನಸ್ಸಲ್ಲೇ ಬೈತಾ ಇರಿ" ಎಂದು ಡಾಕ್ಟರು ಮತ್ತೆ ಮಲಗಿಸಿದರು.

ಈ ಸಲ ಚಿತ್ರ ಮದುವೆಮನೆಯ ಸೀರಿಯಲ್ ಸೆಟ್ ದೀಪಗಳಂತೆ ಬೆಳಗಿತು. ಗಡ್ಡೆಗೂ ಮಾತಿನ ಜಾಗಕ್ಕೂ ನಡುವೆ ಕತ್ತರಿ ಆಡುವಷ್ಟು ಅಂತರವಿತ್ತು. ಮಾತಿಗೇನೂ ಭಯವಿಲ್ಲ ಎಂದ ಡಾಕ್ಟರು ನಗುತ್ತಾ, "ಅಷ್ಟು ಬೈಸ್ಕೊಂಡ ಪುಣ್ಯಾತ್ಮ ಯಾರಮ್ಮಾ?" ಎಂದು ಕೇಳಿದರು.

ಅಕ್ಕ ಸೆರಗು ಸರಿಮಾಡಿಕೊಂಡರು.

"ನೀವೇ ಕಣಪ್ಪ. ಎಂಥಾ ನಿದ್ದೆ ಕೆಡಿಸಿದ್ರಿ."