ಮಂಡಿ ಕಾಣುವ ಫ್ರಾಕು

ಬೆಳೆಯುವ ಮಕ್ಕಳ ಬಟ್ಟೆಗೆ ಅಂಚಿನಲ್ಲಿ ನಾಲ್ಕು ಬೆರಳು ಒಳಗೆ ಮಡಿಸಿ ಹೊಲಿಯುವುದು ಟೈಲರಮ್ಮನ ಪದ್ಧತಿ. ಮಗು ಉದ್ದವಾದಂತೆ ಹೊಲಿಗೆ ಬಿಚ್ಚಿ ಇಳಿಸಿಕೊಡುತ್ತಿದ್ದಳು. ಬೀದಿಯ ಮಕ್ಕಳೆಲ್ಲರ ಮಡಿಕೆ ಬಿಚ್ಚಿದ ಕೈಗೆ ಸ್ವಂತ ಮಗಳ ಮಡಿಕೆ ಬಿಚ್ಚುವ ಯೋಗ ಮಾತ್ರ ಬಂದಿರಲಿಲ್ಲ. ಚೋಟುದ್ದ ಇದ್ದಾಳೆಂದು ಎಲ್ಲರೂ ಅವಳನ್ನು ಚೋಟು ಎನ್ನುತ್ತಿದ್ದರು. ಫ್ರಾಕು ಬಣ್ಣಗೆಟ್ಟು ಹರಿಯುತ್ತಿತ್ತು, ಚೋಟು ಚೋಟುವಾಗಿಯೇ ಇರುತ್ತಿದ್ದಳು.

ಬಿಟ್ಟಿ ಉಪದೇಶಕ್ಕೇನು ಬರವೇ? ಹಾಲು ಕುಡಿಸು ಎಂದರು, ಕಂಬಿಗೆ ಜೋತಾಡಿಸು ಎಂದರು. ಒಬ್ಬ ಡಾಕ್ಟರು ಬೆಳವಣಿಗೆಯ ಹಾರ್ಮೋನನ್ನೇ ಚುಚ್ಚಿ ನೋಡಿದರು. ಅದೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆ ಬೇಸರದಲ್ಲಿ ಟೈಲರಮ್ಮ ಮಗಳ ಹೊಸ ಫ್ರಾಕನ್ನು ಮಡಿಕೆಗೆ ಬಟ್ಟೆ ಬಿಡದೆ, ಮಂಡಿಗೆ ಸರಿಯಾಗಿ ಕತ್ತರಿಸಿಬಿಟ್ಟಳು. ಕತ್ತರಿ ಕೆಳಗಿಟ್ಟು ಅತ್ತಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಸಾವಧಾನದವರು. ರಕ್ತಪರೀಕ್ಷೆ ನೋಡಿ ತಾಯಿಮಗಳನ್ನು ಎದುರಿಗೆ ಕೂರಿಸಿಕೊಂಡರು.

“ನೋಡಮ್ಮಾ, ಇವಳ ರಕ್ತದಲ್ಲಿ ಆ ಹಾರ್ಮೋನು ಬೇಕಾದಷ್ಟಿದೆ. ಆದ್ರೆ ಜೀವಕೋಶದ ಮೇಲೆ ಅದನ್ನ ಹಿಡ್ಕೊಳ್ಳೋ ರಿಸೆಪ್ಟರ್ ಅಂತಿರುತ್ತೆ. ಹಾರ್ಮೋನು ಬಂದು ಅಲ್ಲಿ ಕೂತ್ರೇನೇ ‘ಬೆಳಿ’ ಅನ್ನೋ ಸುದ್ದಿ ಒಳಗೆ ಹೋಗೋದು. ಇವಳಿಗೆ ಹುಟ್ಟಿನಿಂದ್ಲೇ ಆ ರಿಸೆಪ್ಟರ್ ಸರಿಯಿಲ್ಲ.”

“ಅಂದ್ರೆ ಗುಂಡಿ ರಾಶಿ ಇದೆ, ಕಾಜಾನೇ ಇಲ್ಲ?”

ಡಾಕ್ಟರಮ್ಮ ನಕ್ಕರು. “ಹಾಗೇ ಅಂದ್ಕೊಳ್ಳಿ.”

“ಕಾಜಾ ಹೊಲಿಯೋಕಾಗಲ್ವಾ ಡಾಕ್ಟ್ರೇ?”

“ಅದು ನಮ್ಮ ಕೈಲಿಲ್ಲ. ಆದ್ರೆ ಆ ಸುದ್ದಿ ಮುಟ್ಟಿದ್ಮೇಲೆ ಲಿವರ್ ಇನ್ನೊಂದು ಹಾರ್ಮೋನು ಮಾಡ್ಬೇಕಿತ್ತು. ಮೂಳೆ ಬೆಳೆಸೋಕೆ ಅದು ಬೇಕು. ಅದನ್ನೇ ನೇರವಾಗಿ ಚುಚ್ಚೋಣ. ದಿನಾ ಮೊದ್ಲು ಹೊಟ್ಟೆ ತುಂಬ ತಿನ್ಸಿ, ಆಮೇಲೆ ಚುಚ್ಚಿ, ಇಲ್ದಿದ್ರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತೆ. ಎಲ್ಲರಷ್ಟು ಎತ್ತರ ಆಗ್ತಾಳೆ ಅಂತ ಮಾತು ಕೊಡಲ್ಲ. ಬೆಳೀತಾಳೆ.”

ಟೈಲರಮ್ಮ ಒಂದು ದಿನವೂ ಸೂಜಿ ತಪ್ಪಿಸಲಿಲ್ಲ. ಆದರೆ ಟೇಪು ಕೊರಳಲ್ಲೇ ಇದ್ದರೂ ಮಗಳನ್ನು ಅಳೆಯುವ ಧೈರ್ಯ ಬರಲಿಲ್ಲ. ದಿನಾ ಕಣ್ಣೆದುರಿಗಿರುವವಳು ಬೆಳೆದದ್ದು ಕಾಣುವುದೂ ಇಲ್ಲ.

ಚಳಿ ಹೋಗಿ ಸೆಕೆ ಬಂದಾಗ, ಬಟ್ಟೆ ಒಯ್ಯಲು ಬಂದ ಪಕ್ಕದ ಮನೆಯ ಟೀಚರು ಹುಬ್ಬೇರಿಸಿದರು. “ಏನ್ ಟೈಲರಮ್ಮ, ಊರಿಗೆಲ್ಲ ಅಳತೆ ಹಿಡೀತೀರಿ. ನಿಮ್ಮ ಮಗಳ ಫ್ರಾಕು ನೋಡಿ, ಮಂಡಿ ಕಾಣ್ತಿದೆ!”

ಟೈಲರಮ್ಮ ಗಕ್ಕನೆ ತಿರುಗಿದಳು. ಹೌದು, ಕಾಣುತ್ತಿತ್ತು, ಎರಡೂ ಮಂಡಿ. ಇಳಿಸೋಣವೆಂದರೆ ಒಳಗೆ ಬಟ್ಟೆಯಿಲ್ಲ. ಬೇರೆ ಟೈಲರಾಗಿದ್ದರೆ ನಾಚಿಕೆಯಿಂದ ತಲೆ ತಗ್ಗಿಸಬೇಕಿತ್ತು. ಇವಳಿಗೆ ಹಿಗ್ಗು ತಡೆಯಲಾಗಲಿಲ್ಲ. ಡಾಕ್ಟರಮ್ಮನನ್ನು ನೆನೆದು ಕೈಮುಗಿದಳು. ಅದೇ ಭರದಲ್ಲಿ, ಬೈದ ಟೀಚರಿಗೂ ಮುಗಿದಳು.

“ಹೊಸದು ಹೊಲೀತೀನಿ ಕಣೇ.”

“ಬೇಡಮ್ಮ, ಇದನ್ನೇ ಹಾಕ್ಕೋತೀನಿ. ಎಲ್ರೂ ನೋಡ್ಲಿ!” ಎಂದು ಚೋಟು ಬೀದಿಗೆ ಓಡಿದಳು.

ಟೈಲರಮ್ಮ ಮೇಜಿನ ಮೇಲೆ ಹೊಸ ಬಟ್ಟೆ ಹರಡಿದಳು. ಅಂಚಿನಲ್ಲಿ ಮಡಿಕೆಗೆಂದು ನಾಲ್ಕು ಬೆರಳು ಬಿಟ್ಟು ಗುರುತು ಹಾಕಿದಳು. ಬೀದಿಯತ್ತ ಒಮ್ಮೆ ನೋಡಿ, ಇನ್ನೊಂದು ಬೆರಳು ಬಿಟ್ಟಳು.