ವಿಮಾನಗಳ ಮುಯ್ಯಾಳು

ಒಣಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗಿನ ಬೀಜ ಗಿಲಗಿಲ ಎನ್ನುತ್ತದೆ. ನಲವತ್ತು ವರ್ಷಗಳ ಹಿಂದೆ ಸಂಶಿಯ ನಮ್ಮ ಹೊಲದಲ್ಲಿ ಕೇಳಿದ ಆ ಸದ್ದು ಮೊನ್ನೆ ಮೋಡಗಳ ಮೇಲೆ ಮತ್ತೆ ಕೇಳಿಸಿತು. ಮುದುಕಿಯ ಕಿವಿ ಏನು ಬೇಕಾದರೂ ಕೇಳಿಸಿಕೊಳ್ಳುತ್ತದೆ ಅನ್ನಬೇಡಿ, ಕಾರಣವಿದೆ.

ಕಾನ್ವೆಂಟಿನ ಗೆಳತಿಯೊಬ್ಬಳನ್ನು ನೋಡಲು ತಮ್ಮನ ಮಗಳು ಶೋಭಾಳ ಜೊತೆ ಯುರೋಪಿಗೆ ಹೊರಟಿದ್ದೆ. ಟಿಕೆಟ್ಟಿನ ಮೇಲೆ ಒಂದು ಕಂಪನಿಯ ಹೆಸರು. ಹತ್ತಿ ಕೂತರೆ ಸೀಟಿನ ಮೇಲೆ ಇನ್ನೊಂದು ಕಂಪನಿಯ ಮುದ್ರೆ! ಎದ್ದು ನಿಂತು, ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, "ಎಕ್ಸ್‌ಕ್ಯೂಸ್ ಮಿ, ಐ ಆಮ್ ಇನ್ ದ ರಾಂಗ್ ಏರೋಪ್ಲೇನ್," ಎಂದು ಕೂಗಿದೆ. ಇಡೀ ವಿಮಾನ ತಿರುಗಿ ನೋಡಿತು.

"ಅತ್ತೀ, ಸುಮ್ನ ಕುಂದರ್ರಿ, ಮಾನ ಕಳೀಬ್ಯಾಡ್ರಿ," ಎಂದು ಶೋಭಾ ಸೆರಗು ಜಗ್ಗಿದಳು. ಹುಬ್ಬಳ್ಳಿಯ ಟ್ರಾವೆಲ್ ಆಫೀಸಿನಲ್ಲಿ ಕೆಲಸ ಮಾಡುವವಳು. "ಇದು ಅಲೈಯನ್ಸ್ ರಿ. ಟಿಕೀಟು ಅವರದು, ವಿಮಾನ ಇವರದು. ನಿಮ್ಮ ಮುಯ್ಯಾಳು ಇದ್ದಂಗ."

ಮುಯ್ಯಾಳು! ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಇಷ್ಟು ದೊಡ್ಡ ಕಂಪನಿಗಳೂ ಹಾಗೆಯೇ ಎಂದರೆ?

ಜಗತ್ತಿನಲ್ಲಿ ಇಂಥ ದೊಡ್ಡ ಗುಂಪುಗಳು ಮೂರಂತೆ. ಒಂದಕ್ಕೆ ಭೂಪಟದ ಯಾವ ಮೂಲೆಯೂ ಖಾಲಿ ಇರಬಾರದು, ಹಾಗಾಗಿ ಸದಸ್ಯರು ಹೆಚ್ಚು. ಇನ್ನೊಂದು ದೊಡ್ಡ ಹೆಸರುಗಳನ್ನು ನೋಡಿ ಕೆಲವರನ್ನೇ ಆರಿಸುತ್ತದೆ. ಮೂರನೆಯದು ಇವೆರಡರ ನಡುವೆ. ಸೇರಿಸಿಕೊಳ್ಳುವ ರೀತಿ ಮಾತ್ರ ಹೆಚ್ಚುಕಡಿಮೆ ಒಂದೇ: ಹೊಸಬರು ಹಳಬರಿಗಿಲ್ಲದ ದಾರಿ ತರಬೇಕು, ಒಳಗಿನವರೊಬ್ಬರು ಕೈಹಿಡಿದು ಕರೆತರಬೇಕು. ನಾನು ದಂಗಾದೆ. ಇದು ಸಂಶಿಯಲ್ಲಿ ಸರದಿಯಂತೆ ಒಬ್ಬೊಬ್ಬರ ಹೊಲದ ಕಾಯಿಯನ್ನು ಎಲ್ಲರೂ ಸೇರಿ ಬಿಡಿಸುತ್ತಿದ್ದ ನಮ್ಮ ಹೆಂಗಸರ ಮೆಣಸಿನಕಾಯಿ ಗುಂಪಿನದೇ ಕಾನೂನು! ನಮ್ಮಲ್ಲೂ ಎಲ್ಲರ ಕಾಯಿ ಒಂದೇ ವಾರ ಹಣ್ಣಾಗಬಾರದು. ಹೊಸಬಳ ಪರವಾಗಿ ಹಳಬಳೊಬ್ಬಳು ಮಾತಾಡಬೇಕು. ಬಿಡಿಸುವುದಕ್ಕಿಂತ ಬರೆಯುವುದರಲ್ಲಿ ನನ್ನ ಕೈ ಚುರುಕಾಗಿದ್ದರಿಂದ ನಾನು ಅದರ ಸೆಕ್ರೆಟರಿ.

"ಕೈ ಸೋತವರನ್ನ ಏನ್ ಮಾಡ್ತಾರ?" ಎಂದು ಶೋಭಾಳನ್ನು ಕೇಳಿದೆ.

"ಏನ್ ಮಾಡ್ತಾರ, ಹೆಸರು ತಗೀತಾರ."

ಗಿಲಗಿಲ ಸದ್ದು ಕೇಳಿಸಿದ್ದು ಆಗಲೇ.

ನಮ್ಮ ಗುಂಪಿನ ಗಂಗವ್ವನ ಹೊಲ ನಮ್ಮದರಿಂದ ಎರಡು ಬದುವಿನಾಚೆ. ಮಗಳು ಮದುವೆಯಾಗಿ ದುಮ್ಮವಾಡಕ್ಕೆ ಹೋದ ಮೇಲೆ ಒಬ್ಬಂಟಿ. ಆ ವರ್ಷ ಮೊಣಕಾಲೂ ಕೈಕೊಟ್ಟಿತ್ತು. ಮೊದಲ ಸಲದ ಕಾಯಿಯನ್ನು ಎಲ್ಲರೂ ಹೋಗಿ ಬಿಡಿಸಿಕೊಟ್ಟಿದ್ದೆವು. ಎರಡನೆಯ ಸಲದ್ದು ಗಿಡದಲ್ಲೇ ಇತ್ತು, ಮೋಡ ಕಟ್ಟಿತ್ತು.

"ಆಕಿ ಒಂದ್ ಸಾಲು ಮುಗಸೂದ್ರಾಗ ನಾವು ಮೂರು ಮುಗಸ್ತೇವಿ. ಬಿಟ್ಟಬಿಡೂಣು," ಎಂದಳು ನೀಲವ್ವ, ನಮ್ಮ ಮುಖಂಡಳು. "ನೀವೇನಂತೀರಿ, ಅಕ್ಕಾರ?"

ಮರುದಿನ ನಮ್ಮ ಹೊಲದ ಪಾಳಿ. ಕಾನ್ವೆಂಟಿನಲ್ಲಿ ಕಲಿಸಿದಂತೆ ಸ್ಕೇಲು ಇಟ್ಟು, ನೀಟಾಗಿ, ಗುಂಪಿನ ಪಟ್ಟಿಯಲ್ಲಿದ್ದ ಗಂಗವ್ವನ ಹೆಸರಿನ ಮೇಲೆ ಗೆರೆ ಎಳೆದೆ.

ಮರುದಿನ ನಮ್ಮ ಹೊಲಕ್ಕೆ ಎಲ್ಲರಿಗಿಂತ ಮೊದಲು ಬಂದವಳು ಗಂಗವ್ವ, ಬುಟ್ಟಿ ಹಿಡಿದು, ಕುಂಟುತ್ತ.

"ಗಂಗವ್ವಾ, ನಿನಗ ಯಾರೂ ಹೇಳಲಿಲ್ಲೇನು?"

"ಹೇಳ್ಯಾರ ಬಿಡ್ರಿ. ಆದ್ರ ನಿಮ್ಮದೊಂದು ದಿನ ನನ್ನ ಮ್ಯಾಲ ಉಳದೈತಲ್ರಿ."

ದಿನವಿಡೀ ಬಿಡಿಸಿದಳು. ಹೊರಡುವಾಗ, ಗಿಡದಲ್ಲೇ ಒಣಗಿದ್ದ ಕಾಯೊಂದನ್ನು ಕಿತ್ತು ನನ್ನ ಕಿವಿಯ ಹತ್ತಿರ ಅಲುಗಾಡಿಸಿದಳು. "ಬೀಜ ಛಲೋ ಐತ್ರಿ, ಅಕ್ಕಾರ. ಬಿತ್ತಾಕ ಇಟ್ಕೋರಿ."

ಆ ವಾರ ಮಳೆ ಬಂತು. ಆಕೆಯ ಕಾಯಿ ಗಿಡದಲ್ಲೇ ಕೊಳೆಯಿತು. ಆಕೆ ಮಗಳ ಊರಿಗೆ ಹೊರಟುಹೋದಳೆಂದು ಆಮೇಲೆ ತಿಳಿಯಿತು. ಯುರೋಪಿನವರೆಗೆ ಹೋಗಿ ಬಂದ ನಾನು ಅಂದು ಆ ಎರಡು ಬದು ದಾಟಲಿಲ್ಲ. ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ನಮ್ಮ ಹೊಲದ ಬದುವಿನ ಮೇಲೆ, ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೋಗುತ್ತಿದ್ದಾಗ.